ಕರಿ ಕೋಟಿನ ಮೇಲೆ ಬಿಳಿ ಕೂದಲು

ಮಾರ್ಚ್ 3, ಸೋಮವಾರ

ಬಯ್ಯೋಕೆ ಒಂದು ಜಾಗ ಬೇಕಿತ್ತು, ಅದಕ್ಕೆ ಈ ಪುಸ್ತಕ ತಂದೆ. ಮನೇಲಿ ನನ್ನ ಬಿಟ್ಟು ಎರಡು ಜೀವ ಇವೆ. ಒಂದಕ್ಕೆ ಬಯ್ದರೆ ಗೋಡೆ ಕಡೆ ಮಗ್ಗುಲಾಗುತ್ತೆ. ಇನ್ನೊಂದಕ್ಕೆ ಬಯ್ದರೆ ಬಾಲ ಆಡಿಸುತ್ತೆ. ಬಾಲ ಆಡಿಸಿದಾಗ ಮತ್ತೊಂದು ಹಿಡಿ ಕೂದಲು ಉದುರುತ್ತೆ.

ಮೊದಲನೇದು ನನ್ನ ತಮ್ಮ. ಎರಡನೇದು ಅವನ ನಾಯಿ, ಅರಳೆ. ಹೆಸರಿಗೆ ತಕ್ಕ ಹಾಗೆ ಬೆಳ್ಳಗೆ, ಹಿಂಜಿ ಗುಡ್ಡೆ ಹಾಕಿದ ಹತ್ತಿ. ಹೆಸರಿಟ್ಟವಳು ತಮ್ಮನ ಹೆಂಡತಿ. ಅವಳಿಗೇನು, ಹೆಸರಿಟ್ಟು ಹೋದಳು. ಗುಡಿಸೋಳು ನಾನು!

ನಾನು ಹೊಲಿಯೋದು ವಕೀಲರ ಕರಿ ಕೋಟು, ಬೇರೇನೂ ಇಲ್ಲ. ಇಪ್ಪತ್ತಾರು ವರ್ಷದಿಂದ ಈ ಮಹಡಿ ಮನೆಯ ಮುಂದಿನ ಕೋಣೇಲಿ ಕರಿ ಬಟ್ಟೆ ಬಿಟ್ಟು ಬೇರೆ ಬಣ್ಣಕ್ಕೆ ಕತ್ತರಿ ಹಾಕಿಲ್ಲ. ಲೋಕದಲ್ಲಿ ಕಂದು ನಾಯಿ ಇದೆ, ಬೂದು ನಾಯಿ ಇದೆ, ಇದ್ದಲಂಥಾ ಕರಿ ನಾಯಿ ಇದೆ. ನನ್ನ ಮನೆಗೆ ಬರೋಕೆ ಬಿಳೀದೇ ಆಗಬೇಕಿತ್ತಾ?

ಚಳಿಗಾಲದಲ್ಲಿ ಇಬ್ಬರನ್ನೂ ನಾನೇ ಕರ್ಕೊಂಡು ಬಂದಾಗ ಈ ಕಾಟ ಇರಲಿಲ್ಲ. ಬಿಸಿಲು ಏರಿದ್ದೇ ತಡ, ಶುರುವಾಯ್ತು. ಇವತ್ತು ಹೊಲಿದ ಕೋಟಿನ ಎಡತೋಳಿನಿಂದ ಮಾತ್ರ ಅಂಟುಟೇಪಿಗೆ ಬಂದ ಕೂದಲು ನೋಡಿದರೆ ಇನ್ನೊಂದು ನಾಯಿ ಮಾಡಬಹುದು.

ಮಾರ್ಚ್ 5, ಬುಧವಾರ

ಕೂದಲು ಗುಡಿಸೋದು ಅಂದರೆ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ. ಪೊರಕೆ ಮುಂದೆ ಹೋದರೆ ಅದು ಪೊರಕೆಗಿಂತ ಮುಂದೆ ಹೋಗುತ್ತೆ. ನೀರು ಚಿಮುಕಿಸಿ ಗುಡಿಸಿ ಅಂತ ಇಸ್ತ್ರಿಯವನು ಹೇಳಿದ. ಚಿಮುಕಿಸಿದೆ. ನೆಲಕ್ಕೆ ಅಂಟಿಕೊಂಡು ಕೂತಿತು. ಒದ್ದೆ ರಬ್ಬರ್ ಗ್ಲೌಸ್ ಹಾಕಿ ಸೋಫಾ ಉಜ್ಜಿದರೆ ಉಂಡೆ ಉಂಡೆಯಾಗಿ ಬರುತ್ತೆ, ಅದೊಂದು ಪರವಾಗಿಲ್ಲ. ಆದರೆ ದಿನಕ್ಕೆ ಎಷ್ಟು ಸಲ ಸೋಫಾ ಉಜ್ಜಲಿ? ನನಗೆ ಬೇರೆ ಕಸುಬಿಲ್ವಾ?

ಫ್ಯಾನ್ ಹಾಕೋ ಹಾಗಿಲ್ಲ. ಹಾಕಿದರೆ ಮನೆಯೆಲ್ಲಾ ಕೂದಲಿನ ಮೆರವಣಿಗೆ. ಹೊಲಿಗೆ ಮಷೀನಿನ ಸುತ್ತ ಹಳೇ ಬೆಡ್‌ಶೀಟಿನ ಡೇರೆ ಕಟ್ಟಿ ಒಳಗೆ ಕೂತು ಹೊಲೀತಿದೀನಿ. ಬೆವರು ಬಟ್ಟೆ ಮೇಲೆ ಬೀಳದ ಹಾಗೆ ತಲೆಗೊಂದು ಪಟ್ಟಿ ಬೇರೆ. ಕೋಟು ತಗೊಂಡು ಹೋಗೋಕೆ ಬಂದ ವಕೀಲರ ಗುಮಾಸ್ತರು ಡೇರೆ ನೋಡಿ "ಏನಮ್ಮಾ, ಮನೆಯೊಳಗೇ ಪ್ರವಾಸ ಹೊರಟಿದೀರಾ?" ಅಂದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ತಮ್ಮ ಕೋಣೆಯಿಂದ ಆಚೆ ಬಂದಿದ್ದು ಊಟಕ್ಕೆ ಮಾತ್ರ. ಕಾಲಿಗೆ ಕೂದಲು ಮೆತ್ತಿಕೊಂಡೇ ನಡೆದು ಹೋದ. ಕಣ್ಣಿಗೆ ಬಿದ್ದಿದ್ದರೆ ತಾನೆ!

ಮಾರ್ಚ್ 9, ಭಾನುವಾರ

ಬಾಲ್ಕನಿಯಲ್ಲಿ ನಾಯಿಗೆ ಸ್ನಾನ ಮಾಡಿಸಿದೆ. ಇದ್ದ ಕೂದಲೆಲ್ಲಾ ಒಂದೇ ಸಲ ಹೋಗಿಬಿಡಲಿ ಅಂತ. ಒಣಗಿದ ಮೇಲೆ ಮೊದಲಿಗಿಂತ ಎರಡರಷ್ಟು ಉದುರಿತು. ಗಾಳಿಗೆ ಎಲ್ಲಾ ಕೆಳಗೆ ಹೋಗಿ ಕೆಳಮನೆಯಾಕೆ ಒಣಗಿಸಿದ್ದ ಒದ್ದೆ ಸೀರೆಗೆ ಮೆತ್ತಿಕೊಂಡಿತು. ಆಕೆ ಮೆಟ್ಟಿಲು ಹತ್ತಿ ಬಂದರು. ನಾನು ಬಾಗಿಲಲ್ಲೇ ತಡೆದೆ.

"ನಿಮ್ಮ ನಾಯಿಗೆ ಒಂದು ಬಾಚಣಿಗೆ ತರಬಾರದಾ?" ಅಂದರು.

"ನಾಯಿ ನನ್ನದಲ್ಲ," ಅಂದೆ.

"ಮತ್ತೆ ಯಾರದು?"

ಒಳಗೆ ಮಲಗಿದ್ದವನ ಕಡೆ ತಿರುಗಿ ಗಟ್ಟಿಯಾಗಿ ಹೇಳಿದೆ, "ಯಾರದೋ ಅವರಿಗೇ ಗೊತ್ತಿಲ್ಲ!" ಕೇಳಿಸಿಕೊಂಡ ಅನ್ನೋದು ಖಾತ್ರಿ. ಏಳಲಿಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತು.

ಮಾರ್ಚ್ 12, ಬುಧವಾರ

ಬಸ್ ಡಿಪೋ ಮ್ಯಾನೇಜರು ಫೋನ್ ಮಾಡಿದ್ದರು. ತಮ್ಮ ತನ್ನ ಫೋನು ಎತ್ತಲ್ಲವಲ್ಲ, ನನಗೇ ಮಾಡ್ತಾರೆ. ರಜೆ ಏಪ್ರಿಲ್ ಕೊನೆಗೆ ಮುಗಿಯುತ್ತಂತೆ. ಮೇ ಮೊದಲ ಸೋಮವಾರ ಡ್ಯೂಟಿಗೆ ಬರದಿದ್ದರೆ ಹೆಸರು ತೆಗೆದುಹಾಕ್ತಾರಂತೆ. "ಒಳ್ಳೇ ಡ್ರೈವರು ಅಮ್ಮಾ. ನನ್ನ ಕೈಲಾಗೋದು ಇಷ್ಟೇ," ಅಂದರು. ಒಳ್ಳೇ ಡ್ರೈವರು ಅಂತ ನನಗೆ ಹೇಳಿ ಏನು ಪ್ರಯೋಜನ? ಅವನಿಗೆ ಹೇಳಲಿ.

ಅವನ ಹೆಂಡತಿ ಡಿಸೆಂಬರ್‌ನಲ್ಲಿ ಹೋದಳು. ಅಡುಗೆಮನೇಲಿ ಕುಸಿದವಳು ಏಳಲಿಲ್ಲ. ಇವನು ದೂರದೂರಿನ ಬಸ್ಸು ಓಡಿಸ್ತಿದ್ದ. ಸ್ಟೇರಿಂಗ್ ಮೇಲೆ ಕೂತವರು ಫೋನು ಮುಟ್ಟೋ ಹಾಗಿಲ್ಲ, ನಿಯಮ. ಇವನು ನಿಯಮ ಮೀರೋನಲ್ಲ. ಕೊನೇ ನಿಲ್ದಾಣದಲ್ಲಿ ಇಳಿದು ಫೋನು ನೋಡಿದಾಗಲೇ ಗೊತ್ತಾಗಿದ್ದು. ಅವತ್ತಿನಿಂದ ಸ್ಟೇರಿಂಗ್ ಹಿಡಿದಿಲ್ಲ.

ಅದನ್ನ ಬರೆಯೋಕೆ ಈ ಪುಸ್ತಕ ತಂದಿದ್ದಲ್ಲ. ಕೂದಲಿನ ವಿಷಯ: ಇವತ್ತು ಕಾಫಿ ಲೋಟದಲ್ಲಿ ಸಿಕ್ಕಿತು.

ಮಾರ್ಚ್ 17, ಸೋಮವಾರ

ಇದೊಂದು ಬಾಕಿ ಇತ್ತು, ಇದೂ ಆಯ್ತು.

ಲಾಯರಮ್ಮ ಕೋಟು ವಾಪಸ್ ತಂದರು. ನನ್ನ ಹತ್ತಿರ ಎಂಟು ವರ್ಷದಿಂದ ಹೊಲಿಸೋರು, ಒಂದು ದಿನ ಗುಂಡಿ ಸಡಿಲ ಅಂದವರಲ್ಲ. ಕೋಟನ್ನ ಮೇಜಿನ ಮೇಲೆ ಬಿಚ್ಚಿ ಹಾಕಿದರು. ಎದೆಯ ಹತ್ತಿರ, ಬಟ್ಟೆ ಮತ್ತು ಅಸ್ತರಿನ ನಡುವೆ ಕೂದಲು ಸಿಕ್ಕಿಕೊಂಡು ಹೊಲಿಗೆಯಾಗಿದೆ! ಅದು ಒಂದೊಂದಾಗಿ ಬಟ್ಟೆ ತೂರಿಕೊಂಡು ಆಚೆ ಇಣುಕ್ತಿದೆ.

"ಕೋರ್ಟಲ್ಲಿ ವಾದ ಮಾಡ್ತಾ ಇದ್ದೆ. ಎದುರು ಪಕ್ಷದ ವಕೀಲರು ಅರ್ಜಿ ಓದೋದು ಬಿಟ್ಟು ನನ್ನ ಕೋಟನ್ನೇ ನೋಡ್ತಿದ್ದರು. ಆಮೇಲೆ ಸೀನಿದರು. ಜಡ್ಜ್ ಸಾಹೇಬರೂ ಸೀನಿದರು," ಅಂದರು.

ನಗು ಬಂದಿದ್ದರೆ ಅವರು ನಗಬೇಕಿತ್ತು, ನಗಲಿಲ್ಲ. "ನಿಮ್ಮ ಮನೇಲಿ ಏನು ನಡೀತಿದೆ?" ಅಂತ ಮೆತ್ತಗೆ ಕೇಳಿದರು. ಬಯ್ದಿದ್ದರೆ ತಡ್ಕೊಳ್ತಿದ್ದೆ. ಮೆತ್ತಗೆ ಕೇಳಿದ್ದಕ್ಕೆ ಮೈಯೆಲ್ಲಾ ಉರೀತು. ಏನು ಹೇಳಲಿ? ನಾಯಿ ಉದುರುತ್ತೆ, ತಮ್ಮ ಮಲಗ್ತಾನೆ, ಇಷ್ಟು ನಡೀತಿದೆ!

ಈ ತಿಂಗಳು ಹೊಸದಾಗಿ ವಕೀಲರಾಗೋ ಹುಡುಗರ ಕೋಟು ಒಂದು ರಾಶಿ ಬಿದ್ದಿದೆ. ಅವಕ್ಕೂ ಹೀಗೇ ಆದರೆ ನನ್ನ ಹೆಸರು ಮಣ್ಣುಪಾಲು.

ಮಾರ್ಚ್ 18, ಮಂಗಳವಾರ

ಕೋಣೆಗೆ ನುಗ್ಗಿ ಕಿಟಕಿ ತೆಗೆದೆ. "ನೋಡೋ, ನಿನ್ನ ನಾಯೀನ ದಿನಾ ಹೊತ್ತಾರೆ ಬಾಚು. ಇಲ್ಲ ಅಂದರೆ ಅದಕ್ಕೆ ಬೇರೆ ಮನೆ ನೋಡ್ತೀನಿ," ಅಂದೆ.

"ಅವಳು ಬಾಚ್ತಿದ್ದಳು," ಅಂದ.

"ಗೊತ್ತು. ಈಗ ನೀನು ಬಾಚು."

"ನನ್ನ ಕೈಲಾಗಲ್ಲಕ್ಕಾ."

"ನಾಯಿ ಬಾಚೋಕೂ ಕೈಲಾಗಲ್ವೇನೋ! ಅದೇನು ಬಸ್ಸಾ?"

ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವನು ಗೋಡೆ ಕಡೆ ಮಗ್ಗುಲಾದ. ಅರಳೆ ಮಾತ್ರ ಮಂಚದಿಂದ ಇಳಿದು ನನ್ನ ಜೊತೆ ಬಂತು. ಅದಕ್ಕಾದರೂ ನಾಚಿಕೆ ಇದೆ.

ಮಾರ್ಚ್ 19, ಬುಧವಾರ

ಬಾಚಲಿಲ್ಲ.

ಮಾರ್ಚ್ 22, ಶನಿವಾರ

ಇವತ್ತು ಆದದ್ದನ್ನ ಆದ ಹಾಗೆ ಬರೀತೀನಿ. ಆಮೇಲೆ ಯಾರಾದರೂ ನನ್ನದೇ ತಪ್ಪು ಅನ್ನಲಿ, ನೋಡೋಣ.

ಒಂದು ಬಟ್ಟೆಯ ಅಂಚು ನೂಲು ಬಿಡ್ತಾ ಇದೆ. ಏನು ಮಾಡ್ತೀವಿ? ನೂಲು ಆರಿಸ್ತಾ ಕೂರ್ತೀವಾ? ಇಲ್ಲ. ಬಿಟ್ಟಷ್ಟನ್ನ ಕತ್ತರಿಸಿ ತೆಗೀತೀವಿ. ಇದು ಕತ್ತರಿ ಹಿಡಿದ ಯಾರಿಗಾದರೂ ಗೊತ್ತು. ನಾಯಿಗೂ ಅಷ್ಟೇ ಅಂದುಕೊಂಡೆ. ಉದುರೋ ಕೂದಲೇ ಇಲ್ಲದಿದ್ದರೆ ಉದುರೋದೇನು?

ಬೆಳಗ್ಗೆ ತಮ್ಮ ಮಲಗಿದ್ದ. ಅರಳೆಯನ್ನ ಬಾಲ್ಕನಿಗೆ ಕರೆದೆ. ಬ್ರೆಡ್ಡು ಕೊಟ್ಟು ಕೂರಿಸಿದೆ. ನನ್ನ ಹಳೇ ಕತ್ತರೀಲಿ ಮೊದಲು ಉದ್ದದ್ದನ್ನ ತೆಗೆದೆ. ಆಮೇಲೆ ತಮ್ಮನ ಗಡ್ಡದ ಟ್ರಿಮ್ಮರು ಹಿಡಿದೆ. ಹೇಗೂ ಅವನು ಗಡ್ಡ ತೆಗೆಯೋದು ಬಿಟ್ಟು ಮೂರು ತಿಂಗಳಾಯ್ತು. ಕೂದಲು ಗಾಳಿಗೆ ಹಾರದ ಹಾಗೆ ಚೀಲಕ್ಕೆ ತುಂಬಿ, ಕೆಳಗೆ ಕಸದ ಡಬ್ಬಿಗೆ ಹಾಕಿಬಂದೆ. ಹೆಗಲಿಂದ ಬಾಲದ ತನಕ ಸಮ ಮಾಡಿದೆ, ಕೈ ಅಳತೆ ತಪ್ಪಲಿಲ್ಲ. ಕೂದಲು ಹೋದ ಮೇಲೆ ನೋಡಿದರೆ ನಾಯಿ ಅರ್ಧ ಕೂಡ ಇಲ್ಲ! ಒಳಗೆ ಗುಲಾಬಿ ಚರ್ಮ. ಇಷ್ಟೇ ಇಷ್ಟು ಪ್ರಾಣಿ ನನ್ನ ಮನೇನ ಇಷ್ಟು ದಿನ ಆಳಿತಾ ಅನ್ನಿಸಿತು.

ಹತ್ತು ಗಂಟೆ ಹೊತ್ತಿಗೆ ಅದು ಬಾಲ ಆಡಿಸ್ತಾ ತಮ್ಮನ ಹತ್ತಿರ ಹೋಯ್ತು. ಅವನು ಕಣ್ಣು ಮುಚ್ಚಿಕೊಂಡೇ ಅದರ ಬೆನ್ನ ಮೇಲೆ ಕೈ ಇಟ್ಟ.

ಆಮೇಲೆ ಕೇಳಿದ ಕೂಗು ಕೆಳಮನೆಗೂ ಕೇಳಿಸಿರಬೇಕು.

"ಯಾರನ್ನ ಕೇಳಿ ಮಾಡಿದೆ?"

"ಯಾರನ್ನ ಕೇಳಬೇಕಿತ್ತೋ? ನನ್ನ ಮನೆ, ನನ್ನ ಕೋಟು!"

"ಅವಳಿದ್ದಾಗ ಬೆಳೆದ ಕೂದಲು ಕಣೇ ಅದು! ಅವಳ ಕೈ ಆಡಿತ್ತು ಅದರಲ್ಲಿ! ದಿನಾ ಸಂಜೆ ಕೂತು ಬಾಚ್ತಿದ್ದಳು. ನನಗೆ ಉಳಿದಿದ್ದು ಅದೊಂದೇ, ಅದನ್ನೂ ಬೋಳಿಸಿಬಿಟ್ಟೆಯಲ್ಲೇ!"

ನನಗೂ ರೇಗಿತು. ರೇಗದೆ ಏನು? "ಅದು ಉದುರ್ತಾ ಇತ್ತು ಕಣೋ! ಮೂರು ವಾರದಿಂದ ದಿನಾ ಉದುರ್ತಾ ಇತ್ತು! ನೀನು ಕಣ್ಣು ಬಿಟ್ಟು ನೋಡಿದ್ದರೆ ತಾನೆ? ಗುಡಿಸಿ ಗುಡಿಸಿ ಕಸಕ್ಕೆ ಹಾಕಿದೋಳು ನಾನು!"

ಅವನು ನನ್ನನ್ನೇ ನೋಡಿದ. "ಅಷ್ಟೂ?" ಅಂದ.

"ಅಷ್ಟೂ," ಅಂದೆ.

ಚಪ್ಪಲಿ ಕೂಡ ಹಾಕಿಕೊಳ್ಳದೆ ಧಡಧಡ ಮೆಟ್ಟಿಲಿಳಿದು ಹೋದ. ಬಾಲ್ಕನಿಯಿಂದ ನೋಡ್ತೀನಿ, ಬೀದಿಯ ಕಸದ ಡಬ್ಬಿಯಲ್ಲಿ ತಲೆ ತೂರಿಸಿ ಹುಡುಕ್ತಿದ್ದಾನೆ! ಬನಿಯನ್ನಲ್ಲಿ! ಕೆಳಮನೆಯಾಕೆ ಗೇಟಿಗೆ ಒರಗಿ ನೋಡ್ತಿದ್ದಾರೆ. ಕಸದ ಗಾಡಿ ಆಗಲೇ ಬಂದುಹೋಗಿತ್ತು. ಖಾಲಿ ಕೈಲಿ ಹತ್ತಿಬಂದು ಬಾಗಿಲು ಹಾಕಿಕೊಂಡ.

ಮೂರು ತಿಂಗಳು ಉಣ್ಣೋಕೆ ಬಾ ಅಂದರೆ ತುಟಿ ಬಿಚ್ಚದೋನು, ನನ್ನ ಮನೇಲಿ, ನನ್ನ ಮೇಲೇ, ಬೀದಿಗೆ ಕೇಳೋ ಹಾಗೆ ಕೂಗಿದ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಮಾತಾಡಿಸಲ್ಲ ಇನ್ನು.

ಮಾರ್ಚ್ 23, ಭಾನುವಾರ

ಅವನೊಬ್ಬನಿಗೇ ಹೋದಳಾ ಅವಳು?

ಶನಿವಾರ ಮಧ್ಯಾಹ್ನ ಬಂತು ಅಂದರೆ ಈ ಡೇರೆ ಇರೋ ಜಾಗದಲ್ಲಿ ಅವಳ ಕುರ್ಚಿ. ನಾನು ತೋಳು ಕೂರಿಸ್ತಿದ್ದರೆ ಅವಳು ಗುಂಡಿ ಹಾಕ್ತಿದ್ದಳು. ಒಂದೊಂದು ಗುಂಡಿಗೆ ಒಂದೊಂದು ಕಥೆ. "ಅತ್ತಿಗೇ, ಈ ಕೋಟು ಹಾಕ್ಕೊಳ್ಳೋ ವಕೀಲ ಸೋಲ್ತಾನೆ ನೋಡಿ, ಹೊಟ್ಟೆ ಅಳತೆ ನೋಡಿದರೇ ಗೊತ್ತಾಗುತ್ತೆ," ಅಂತ ನಗಿಸ್ತಿದ್ದಳು. ಅವಳು ಹಾಕಿದ ಗುಂಡಿ ಸ್ವಲ್ಪ ಸೊಟ್ಟ ಇರ್ತಿತ್ತು. ಸಂಜೆ ಅವಳು ಮನೆಗೆ ಹೊರಟ ಮೇಲೆ ನಾನು ಬಿಚ್ಚಿ ಮತ್ತೆ ಹಾಕ್ತಿದ್ದೆ, ಒಂದು ದಿನವೂ ಹೇಳಲಿಲ್ಲ.

ನಲವತ್ತು ಕೂಡ ತುಂಬಿರಲಿಲ್ಲ. ಹೋಗು ಅಂತ ಯಾರು ಹೇಳಿದ್ದು ಅವಳಿಗೆ? ಗಂಡನ್ನ, ನಾಯೀನ ನನ್ನ ತಲೆಗೆ ಕಟ್ಟಿ ಆರಾಮಾಗಿ ಹೊರಟುಹೋದಳಲ್ಲ, ನ್ಯಾಯವಾ ಇದು? ಯಾವ ಕೋರ್ಟಲ್ಲಿ ಕೇಳಲಿ? ಕೋರ್ಟಿನವರಿಗೆಲ್ಲಾ ನಾನೇ ಕೋಟು ಹೊಲೀತೀನಿ, ಒಬ್ಬರೂ ಉಪಯೋಗಕ್ಕಿಲ್ಲ!

ಲಾಯರಮ್ಮನ ಕೋಟಿನ ಅಸ್ತರು ಬಿಚ್ಚಿ ಕೂತೆ. ಕೂದಲು ಒಂದೊಂದಾಗಿ ಎಳೆದೆ. ಎಳೆದಿದ್ದನ್ನ ಎಸೆಯೋಕೆ ಯಾಕೋ ಕೈ ಬರಲಿಲ್ಲ. ಮಿಕ್ಕ ಕೋಟುಗಳಿಂದಲೂ, ಸೋಫಾದ ಸಂದಿಯಿಂದಲೂ ಸಿಕ್ಕಷ್ಟು ತೆಗೆದು ಕರಿ ಬಟ್ಟೆ ತುಂಡಲ್ಲಿ ಪೊಟ್ಟಣ ಕಟ್ಟಿ ಅವನ ಬಾಗಿಲ ಮುಂದೆ ಇಟ್ಟೆ. ತಗೊಳ್ಲಿ. ನನಗೇನಾಗಬೇಕು.

ಮಾತಾಡಿಸಿಲ್ಲ ಇನ್ನೂ.

ಮಾರ್ಚ್ 24, ಸೋಮವಾರ

ಪೊಟ್ಟಣ ಬೆಳಗ್ಗೆ ಅಲ್ಲಿರಲಿಲ್ಲ.

ಅರಳೆ ಬೆನ್ನೆಲ್ಲಾ ಕೆಂಪಾಗಿತ್ತು. ನಿನ್ನೆ ಬಾಲ್ಕನಿ ಬಿಸಿಲಲ್ಲಿ ಮಲಗಿದ್ದಕ್ಕೆ ಅಂತ ನಾಯಿ ಡಾಕ್ಟರು ಹೇಳಿದರು. ಕರ್ಕೊಂಡು ಹೋದೋನು ತಮ್ಮ. ನಾನೂ ಹೋದೆ, ಇವನು ಅಲ್ಲಿ ನನ್ನ ಮೇಲೆ ಏನೇನು ಹೇಳ್ತಾನೋ ಅಂತ.

ಡಾಕ್ಟರಮ್ಮ ಹೇಳಿದ್ದು: ಈ ಜಾತಿ ನಾಯಿಗೆ ಎರಡು ಪದರ ಕೂದಲು. ಒಳಗಿನ ಮೆತ್ತನೇದು ಚಳಿಗೆ, ಸೆಕೆ ಬಂದರೆ ತಾನಾಗೇ ಉದುರುತ್ತೆ. ಮೇಲಿನದು ಬಿಸಿಲಿಗೆ ಕೊಡೆ. "ನೀವು ಎರಡೂ ತೆಗೆದುಬಿಟ್ಟಿದೀರಿ. ಮತ್ತೆ ಬರುತ್ತೆ, ಒಂದೇ ಸಮ ಬರುತ್ತೆ ಅಂತ ಹೇಳೋಕಾಗಲ್ಲ. ದಿನಾ ಅಗಲ ಹಲ್ಲಿನ ಬಾಚಣಿಗೇಲಿ ಬುಡದಿಂದ ಬಾಚಿದ್ದರೆ ನೆಲಕ್ಕೆ ಬೀಳೋದೆಲ್ಲಾ ಬಾಚಣಿಗೆಗೇ ಬರ್ತಿತ್ತು. ಇನ್ನು ಮೂರು ವಾರ ತಡೆದಿದ್ದರೆ ಅದೇ ಮುಗೀತಿತ್ತು."

ಮೂರು ವಾರ! ಇದನ್ನ ಯಾರಾದರೂ ಮೊದಲು ಹೇಳಬಾರದಾ? ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು.

ಇನ್ನು ಕೂದಲು ಬರೋ ತನಕ ಬಿಸಿಲು ಬೀಳೋಕೆ ಮುಂಚೆ ಒಂದು ಸಲ, ಬಿಸಿಲು ಇಳಿದ ಮೇಲೆ ಒಂದು ಸಲ ಮಾತ್ರ ಆಚೆ ಬಿಡಬೇಕಂತೆ. "ಯಾರು ಎದ್ದು ಕರ್ಕೊಂಡು ಹೋಗ್ತೀರಿ?" ಅಂತ ಡಾಕ್ಟರಮ್ಮ ಕೇಳಿದರು. ನಾನು ಬಾಯಿ ತೆಗೆಯೋಕೆ ಮುಂಚೆ ತಮ್ಮ "ನಾನು" ಅಂದ. ನನ್ನ ಕಡೆ ನೋಡಿ, "ಇವಳ ಕೈಗೆ ಕೊಡಲ್ಲ," ಅಂತ ಬೇರೆ ಸೇರಿಸಿದ. ನೋಡಿ ಹೇಗಿದೆ!

ಮಾರ್ಚ್ 28, ಶುಕ್ರವಾರ

ಬೆಳಗ್ಗೆ ಐದಕ್ಕೆ ನಲ್ಲಿ ಸದ್ದು, ಬಾಗಿಲು ಸದ್ದು, ನಾಯಿ ಉಗುರಿನ ಟಕಟಕ. ಮನುಷ್ಯರು ಮಲಗೋದು ಬೇಡವಾ? ಮಧ್ಯಾಹ್ನದ ತನಕ ಬಿದ್ದಿರ್ತಿದ್ದೋನು ಈಗ ಹಾಲಿನವರಿಗಿಂತ ಮುಂಚೆ ಎದ್ದು ನನ್ನ ನಿದ್ದೆ ಕೆಡಿಸ್ತಾನೆ. ಬಿದ್ದುಕೊಂಡಿದ್ದರೂ ಕಾಟ, ಎದ್ದರೂ ಕಾಟ.

ಮೇಲಿಂದ ಹುಕುಂ ಬೇರೆ. ಅದಕ್ಕೆ ಸೆಕೆ, ಫ್ಯಾನು ಹಾಕು. ಅದು ಅಲ್ಲಿ ಮಲಗುತ್ತೆ, ಡೇರೆ ಸರಿಸು. ಅದಕ್ಕೆ ಮುಲಾಮು ಹಚ್ಚಿದೀನಿ, ಮುಟ್ಟಬೇಡ. "ನನಗೂ ಸೆಕೆ ಆಗ್ತಿತ್ತು ಕಣೋ, ತಿಂಗಳಿಂದ," ಅಂದರೆ, "ನಿನಗೆ ಚರ್ಮ ಇದೆಯಲ್ಲ, ದಪ್ಪಂದು," ಅಂತಾನೆ. ಬೆಳೀತಾ ಇದೆ ನಾಲಿಗೆ!

ಏಪ್ರಿಲ್ 2, ಬುಧವಾರ

ಇದನ್ನ ಹೊರಗೆ ಯಾರಿಗೂ ಹೇಳೋಕಾಗಲ್ಲ. ನಾಯಿಗೆ ಕೋಟು ಹೊಲಿದೆ.

ಮೋಡದ ಬೆಳಕಿಗೂ ಬೆನ್ನು ಕೆಂಪಾಗ್ತಿತ್ತು, ನೋಡೋಕಾಗಲಿಲ್ಲ. ಬಿಳಿ ಹತ್ತಿ ಅಸ್ತರು ಮಿಕ್ಕಿತ್ತು. ಅಳತೆ ತೆಗೆಯೋಕೆ ಹೋದರೆ ಟೇಪು ಕಚ್ಚಿಕೊಂಡು ಓಡುತ್ತೆ. ಹಿಡಿದು ಎದೆ, ಕುತ್ತಿಗೆ, ಬೆನ್ನಿನುದ್ದ ಬರೆದುಕೊಂಡು, ಕಚ್ಚಾ ಹೊಲಿಗೆ ಹಾಕಿ ತೊಡಿಸಿ ನೋಡಿ, ಆಮೇಲೆ ಮಷೀನಿಗೆ ಹಾಕಿದೆ. ವಕೀಲರಿಗೂ ನಾನು ಇಷ್ಟು ಸಲ ತೊಡಿಸಿ ನೋಡಲ್ಲ.

ತಮ್ಮ ಅರಳೆ ಸುತ್ತ ಒಂದು ಸುತ್ತು ಹೊಡೆದು ನೋಡಿ, "ಮುಂಗಾಲ ಹತ್ತಿರ ಬಿಗಿ," ಅಂದ.

ಬಿಗಿಯಂತೆ! ಇಪ್ಪತ್ತಾರು ವರ್ಷದಲ್ಲಿ ಒಬ್ಬ ವಕೀಲ ಕಂಕುಳು ಬಿಗಿ ಅಂದಿಲ್ಲ! "ಹೊಲಿಯೋಕೆ ಬರುತ್ತೇನೋ ನಿನಗೆ?" ಅಂತ ಜಗಳ ತೆಗೆದೆ. ಬಿಗಿನೇ ಇತ್ತು. ಅವನು ಸಂಜೆ ಸುತ್ತೋಕೆ ಹೋದಾಗ ಬಿಚ್ಚಿ ಸಡಿಲ ಮಾಡಿದೆ.

ಏಪ್ರಿಲ್ 9, ಬುಧವಾರ

ಹುಡುಗರ ಕೋಟುಗಳು ಹೋದವು. ಅಂಟುಟೇಪಿಗೆ ಒಂದು ಕೂದಲೂ ಬರಲಿಲ್ಲ. ಲಾಯರಮ್ಮ ರಿಪೇರಿ ಮಾಡಿದ ಕೋಟು ತಗೊಂಡು ಹೋಗೋವಾಗ "ಈಗ ಹೇಗಿದೆ ಮನೇಲಿ?" ಅಂದರು. "ಹಾಗೇ ಇದೆ, ಏನೂ ಬದಲಾಗಿಲ್ಲ," ಅಂದೆ. ಅಷ್ಟರಲ್ಲಿ ತಮ್ಮ ಅಡುಗೆಮನೆಯಿಂದ "ಅಕ್ಕಾ, ಉಪ್ಪಿನ ಡಬ್ಬಿ ಎಲ್ಲಿಟ್ಟು ಸತ್ತೆ?" ಅಂತ ಕೂಗಿದ. ಗಿರಾಕಿ ಮುಂದೆ ಮಾನ ಕಳೆದ.

ಏಪ್ರಿಲ್ 15, ಮಂಗಳವಾರ

ಬೆಳಗ್ಗೆ ಹೋದೋನು ಬಿಸಿಲು ಬಂದರೂ ಬರಲಿಲ್ಲ. ಫೋನು ಮನೇಲೇ ಬಿಟ್ಟಿದ್ದ. ಹೊಲಿಗೆ ಮುಂದೆ ಕೂತರೆ ಕಾಜ ಕಾಣಿಸಲ್ಲ, ಸೂಜಿ ಕಾಣಿಸಲ್ಲ. ಬಾಲ್ಕನಿಗೂ ಮಷೀನಿಗೂ ಓಡಾಡಿದ್ದೇ ಆಯ್ತು. ಬರಲಿ, ಕಾಲು ಮುರೀತೀನಿ ಅಂತ ಕಾದಿದ್ದೆ. ಬಂದ. ನಾಯಿ ಕೋಟಿಗೆಲ್ಲಾ ಗ್ರೀಸು.

"ಎಲ್ಲಿ ಹಾಳಾಗಿ ಹೋಗಿದ್ದೆ?"

"ಡಿಪೋ ಮುಂದೆ ಹಾದು ಹೋಗ್ತಿದ್ದೆ. ಮೊದಲ ಬಸ್ಸುಗಳು ಹೊರಡೋ ಹೊತ್ತು. ಅರಳೆ ಒಳಗೆ ಎಳೀತು," ಅಂದ.

ನಾಯಿ ಎಳೀತಂತೆ. ಇಷ್ಟಗಲ ಇರೋ ನಾಯಿ, ಅಷ್ಟಗಲ ಇರೋ ಇವನನ್ನ.

ಮಧ್ಯಾಹ್ನ ಮ್ಯಾನೇಜರು ಫೋನ್ ಮಾಡಿದರು. ಇವನು ನಾಯಿ ಜೊತೆ ನಿಂತ ಬಸ್ಸೊಂದರ ಡ್ರೈವರ್ ಸೀಟಲ್ಲಿ ಬಹಳ ಹೊತ್ತು ಕೂತಿದ್ದನಂತೆ. ಕೀಲಿ ಕೊಟ್ಟರಂತೆ. ಕೈಲಿ ಹಿಡಿದುಕೊಂಡ, ಸ್ಟಾರ್ಟ್ ಮಾಡಲಿಲ್ಲ, ವಾಪಸ್ ಕೊಟ್ಟ. "ಕಷ್ಟ ಅನ್ನಿಸುತ್ತಮ್ಮಾ. ಬೇರೆಯವರನ್ನ ನೋಡಿಡಲಾ?" ಅಂದರು.

ನೆತ್ತಿಗೇರಿತು ನನಗೆ. "ಮೇ ಮೊದಲ ಸೋಮವಾರ ಅಂತ ನೀವೇ ತಾನೇ ಹೇಳಿದ್ದು? ಇವತ್ತು ಯಾವ ತಾರೀಕು? ಕೂತಿದ್ದಾನಲ್ಲ, ನಿಮ್ಮ ಡಿಪೋದಲ್ಲಿ ಎಲ್ಲರೂ ಹುಟ್ಟುತ್ತಲೇ ಸ್ಟಾರ್ಟ್ ಮಾಡಿದರಾ? ಅವನ ಸೀಟು ಯಾರಿಗಾದರೂ ಕೊಟ್ಟರೆ ನಾನೇ ಬಂದು ಅದರಲ್ಲಿ ಕೂರ್ತೀನಿ!" ಅಂದೆ. ಫೋನಿಟ್ಟೆ. ಜನಕ್ಕೆ ತಾಳ್ಮೆ ಅನ್ನೋದೇ ಇಲ್ಲ.

ಏಪ್ರಿಲ್ 21, ಸೋಮವಾರ

ಇವತ್ತು ಸ್ಟಾರ್ಟ್ ಮಾಡಿದನಂತೆ. ಡಿಪೋ ಒಳಗೇ ಒಂದು ಸುತ್ತು. ನನಗೆ ಹೇಳಲಿಲ್ಲ, ಮ್ಯಾನೇಜರು ಹೇಳಿದ್ದು. ಅಕ್ಕನಿಗೆ ಹೇಳಬೇಕು ಅನ್ನೋ ಬುದ್ಧಿ ಬೇಡವಾ?

ಏಪ್ರಿಲ್ 29, ಮಂಗಳವಾರ

ಅರಳೆ ಮೈಮೇಲೆ ಕೂದಲು ಬರ್ತಾ ಇದೆ. ಡಾಕ್ಟರಮ್ಮ ಹೇಳಿದ ಹಾಗೇ, ಸೊಂಟದ ಮೇಲೆ ಪೊದೆ, ಹೆಗಲ ಮೇಲೆ ಬಯಲು. ನಾನು ಈ ಹೊಲಿಗೆ ಹೊಲಿದಿದ್ದರೆ ಗಿರಾಕಿ ಮುಖಕ್ಕೆ ಎಸೀತಿದ್ದರು.

ಸಂಜೆ ತಮ್ಮ ಬಾಲ್ಕನೀಲಿ ಕೂತು ಬಾಚ್ತಿದ್ದ. ಬಾಚೋಕೆ ಇನ್ನೂ ಏನಿಲ್ಲ, ಸುಮ್ಮನೆ ಬಾಚಣಿಗೆ ಆಡಿಸ್ತಿದ್ದ. ನಾನು ಗುಂಡಿ ಹಾಕ್ತಾ ಪಕ್ಕದಲ್ಲೇ ಕೂತಿದ್ದೆ, ಒಳಗೆ ಬೆಳಕು ಸಾಲದು ಅಂತ.

"ಇದು ಅವಳು ನೋಡದ ಕೂದಲು," ಅಂದ.

"ಮೈ ಅದೇ ತಾನೇನೋ," ಅಂದೆ.

ಅವನು ತಲೆ ಆಡಿಸಿದ. ಮುಖ ಆ ಕಡೆ ತಿರುಗಿಸಿ ಅತ್ತ. ನಾನೂ ಅತ್ತೆ. ಗುಂಡಿ ಸೊಟ್ಟ ಬಂತು. ಬಿಚ್ಚಲಿಲ್ಲ, ಹಾಗೇ ಕೊಟ್ಟೆ ಆ ಕೋಟನ್ನ.

ಮೇ 4, ಭಾನುವಾರ

ನಾಳೆ ಡ್ಯೂಟಿ. ದೂರದ ಬಸ್ಸು ಬೇಡ ಅಂದನಂತೆ, ನಮ್ಮ ಬೀದಿ ಕೊನೇಲಿ ಹಾದುಹೋಗೋ ಊರೊಳಗಿನ ಬಸ್ಸು ಕೊಟ್ಟಿದ್ದಾರೆ. ಯೂನಿಫಾರಂ ಇಸ್ತ್ರಿ ಮಾಡಿದೆ. ಗಡ್ಡ ತೆಗೆದ. ಟ್ರಿಮ್ಮರಲ್ಲಿ ನಾಯಿ ಕೂದಲಿತ್ತು ಅಂತ ನನ್ನ ಮೇಲೆ ಕೂಗಾಡಿದ.

ಊಟಕ್ಕೆ ಕೂತವನು ತಟ್ಟೆ ಮುಟ್ಟಲಿಲ್ಲ. "ಅಕ್ಕಾ, ನಾನು ಸ್ಟೇರಿಂಗ್ ಮೇಲಿದ್ದಾಗ ನಿನಗೇನಾದರೂ ಆದರೆ?" ಅಂದ.

ಅದೇ ಇದ್ದಿದ್ದು ಒಳಗೆ. ಇಷ್ಟು ದಿನ ಅದನ್ನೇ ಹೊದ್ದುಕೊಂಡು ಮಲಗಿದ್ದ. ಆದರೆ ಅಳೋ ಹೊತ್ತಾ ಅದು? "ನನಗೇನೋ ಆಗುತ್ತೆ, ಕಲ್ಲುಗುಂಡಿನ ಹಾಗಿದೀನಿ! ಅಷ್ಟು ಅನುಮಾನ ಇದ್ದರೆ ಬೆಳಗ್ಗೆ ಬಸ್‌ಸ್ಟಾಪಿಗೆ ಬಂದು ನಿಂತಿರ್ತೀನಿ. ಹೋಗ್ತಾ ಕಣ್ಣಾರೆ ನೋಡ್ಕೊಂಡು ಹೋಗು, ಬದುಕಿದೀನಾ ಇಲ್ವಾ ಅಂತ. ಈಗ ಉಣ್ಣು," ಅಂದೆ.

ಉಂಡ.

ಮೇ 5, ಸೋಮವಾರ

ಅವನು ಕತ್ತಲಲ್ಲೇ ಡಿಪೋಗೆ ಹೋದ. ನಾನು ಅರಳೆಗೆ ಕೋಟು ತೊಡಿಸಿ ಸ್ಟಾಪಿಗೆ ಹೋಗಿ ನಿಂತೆ. ಬೆಳಗಿನ ಪಾಳಿಯ ಜನ ನಾಯೀನ ನೋಡ್ತಾರೆ, ಕೋಟನ್ನ ನೋಡ್ತಾರೆ, ನನ್ನ ನೋಡ್ತಾರೆ. ನೋಡಲಿ. ಒಂದು ಬಸ್ಸು ಬಂತು, ಬೇರೆ ಯಾರೋ. ಇನ್ನೊಂದು ಬಂತು, ಅದೂ ಅಲ್ಲ. ಸಮಯ ಮೀರಿತು. ಕೀಲಿ ವಾಪಸ್ ಕೊಟ್ಟುಬಿಟ್ಟನಾ? ಅರ್ಧ ದಾರೀಲಿ ನಿಲ್ಲಿಸಿ ಇಳಿದುಬಿಟ್ಟನಾ? ಮನೆಗೆ ಬರಲಿ, ಗ್ರಹಚಾರ ಬಿಡಿಸ್ತೀನಿ ಅಂತ ಮನಸ್ಸಲ್ಲೇ ಬಯ್ತಾ ನಿಂತೆ.

ಆಗ ತಿರುವಲ್ಲಿ ಬಂತು. ಮೆತ್ತಗೆ, ಮದುವೆ ಹೆಣ್ಣಿನ ಹಾಗೆ. ಹಿಂದಿನ ಗಾಡಿಗಳೆಲ್ಲಾ ಹಾರನ್ ಬಡೀತಿವೆ, ಇವನಿಗೆ ಪರಿವೆಯೇ ಇಲ್ಲ. ಮುಖ ಬಿಳಿಚಿಕೊಂಡು, ಸ್ಟೇರಿಂಗ್ ಎರಡೂ ಕೈಲಿ ಬಿಗಿಯಾಗಿ ಹಿಡಿದಿದ್ದ. ಸರಿಯಾಗಿ ನನ್ನ ಮುಂದೆ ನಿಲ್ಲಿಸಿದ. ಬಾಗಿಲು ತೆರೀತು. ನನ್ನನ್ನ ನೋಡಿದ, ಅಡಿಯಿಂದ ಮುಡಿ ತನಕ. ಒಂದು ದೊಡ್ಡ ಉಸಿರು ಬಿಟ್ಟ.

ಜನ ಹತ್ತಿದರು. ಅರಳೆ ಅವನನ್ನ ನೋಡಿದ್ದೇ ಮೆಟ್ಟಿಲಿಗೆ ಕಾಲಿಟ್ಟಿತು. ನಾನೂ ಇಟ್ಟೆ, ಬಂದಿದ್ದೀನಲ್ಲ, ಒಂದು ಸ್ಟಾಪು ಜೊತೆಗೆ ಹೋಗೋಣ ಅಂತ.

"ನಾಯಿ ಹತ್ತಿಸೋ ಹಾಗಿಲ್ಲ," ಅಂದ.

"ಏನಂದೆ?"

"ನಿಯಮ ಅಕ್ಕಾ. ಇಳಿ."

ನನ್ನ ತಮ್ಮ! ಮಾರ್ಚ್ ಪೂರ್ತಿ ನನ್ನ ಸೋಫಾ, ನನ್ನ ಕೋಟು, ನನ್ನ ಕಾಫಿ ಎಲ್ಲದರಲ್ಲೂ ನಾಯಿ ತುಂಬಿದೋನು, ನನಗೆ ನಿಯಮ ಹೇಳ್ತಾನೆ! ಇಷ್ಟು ಜನರ ಮುಂದೆ! ಬಾಯಿಗೆ ಬಂದಿದ್ದೆಲ್ಲಾ ಅಂದೆ. ಬಾಗಿಲು ಹಾಕಿದ. ಬಸ್ಸು ಹೊರಟಿತು. ಗೇರು ಬದಲಾಯಿಸಿದ್ದು ಕೇಳಿಸಿತು, ಒಂದು, ಎರಡು, ಮೂರು. ಎಲ್ಲೂ ತಡವರಿಸಲಿಲ್ಲ. ಸಿಗ್ನಲ್ಲು ದಾಟಿ, ಮರಗಳು ದಾಟಿ, ಕಾಣದ ಹಾಗೆ ಹೋಯ್ತು. ಅರಳೆ ಎಳೆದ ಕಡೆಗೆ ನಾನೂ ನಾಲ್ಕು ಹೆಜ್ಜೆ ಓಡಿ ನಿಂತೆ. ಕಣ್ಣು, ಮೂಗು ಎಲ್ಲಾ ಸುರೀತಿತ್ತು. ಒರೆಸಿಕೊಳ್ಳೋಕೆ ಕೈ ಬಿಡುವಿಲ್ಲ, ನಾಯಿ ಹಗ್ಗ.

ಆಗಷ್ಟೇ ಸ್ಟಾಪಿಗೆ ಬಂದ ಒಬ್ಬ ನರ್ಸಮ್ಮ ನನ್ನನ್ನ ನೋಡಿ, "ಪಾಪ, ಬಸ್ಸು ತಪ್ಪಿಹೋಯ್ತಾ?" ಅಂದರು.

"ಇಲ್ಲಮ್ಮಾ, ಬಂತು," ಅಂದೆ. "ಬಂತು."